ಹರ್ಷಿ ಕಟ್ಟಿದ ಗಂಟು

ಊರಿನಿಂದ ಯಾರು ಬಂದರೂ ಮೊದಲ ಶನಿವಾರ ನಾವು ಹರ್ಷಿ ಎಂಬ ಚಾಕೊಲೇಟ್ ಊರಿಗೆ ಹೊರಡುತ್ತೇವೆ. ನಮ್ಮ ಮನೆ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಪಕ್ಕ. ಕಾರಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ. ಬಂದವರು ಹರ್ಷಿ ಚಾಕೊಲೇಟ್ ಕಂಪನಿಯ ಪ್ರದರ್ಶನ ಕೇಂದ್ರವಾದ ಚಾಕೊಲೇಟ್ ವರ್ಲ್ಡ್ ಒಳಗೆ ಹೋಗಿ ಹಾಡು ಹೇಳುವ ಬೊಂಬೆ ಹಸುಗಳನ್ನು ನೋಡುತ್ತಾರೆ. ಬೀದಿ ದೀಪಗಳು ಕಿಸಸ್ ಚಾಕೊಲೇಟಿನ ಆಕಾರದಲ್ಲಿವೆ ಅಂತ ಫೋಟೊ ತೆಗೆಯುತ್ತಾರೆ. ಎರಡು ಕೈ ತುಂಬ ಚೀಲ ಹಿಡಿದು ಹೊರಗೆ ಬರುತ್ತಾರೆ. ಇಷ್ಟಕ್ಕೆ ಹರ್ಷಿ ನೋಡಿ ಆಯಿತು.

ಈ ಕಂಪನಿ ಯಾರದ್ದು ಅಂತ ನಮ್ಮ ನೆಂಟರಲ್ಲಿ ಕೇಳಿದವರು ಅಪ್ಪ ಒಬ್ಬರೇ. ಅಪ್ಪ ಪುತ್ತೂರು ಕಡೆಯ ಅಡಿಕೆ ಕೃಷಿಕರು. ಅಡಿಕೆ ಮರಗಳ ನಡುವೆ ಕೊಕ್ಕೋ ಇದೆ. ಅಳಿಲು, ಇಲಿ, ಮಂಗ ತಿಂದು ಬಿಟ್ಟ ಕಾಯಿಯನ್ನು ಒಡೆದು, ಹಸಿ ಬೀಜ ಮಾರಿ ಗೊತ್ತಿರುವವರು. ಚಾಕೊಲೇಟ್ ಊರಿಗೆ ಬಂದವರು ಸುತ್ತ ನೋಡಿ, "ಇಲ್ಲಿ ಒಂದು ಕೊಕ್ಕೋ ಗಿಡವೂ ಇಲ್ಲವಲ್ಲ" ಅಂದರು. ಆಮೇಲೆ ಒಂದು ಬಾರ್ ಮುರಿದು ಬಾಯಿಗೆ ಹಾಕಿಕೊಂಡು ಮುಖ ಸಣ್ಣ ಮಾಡಿದರು. "ಕೂಸೇ, ಇದಕ್ಕೆ ಎಂತದು ಹುಳಿ ವಾಸನೆ?"

ಎರಡಕ್ಕೂ ಉತ್ತರ ಒಂದೇ. ಹಾಲು. ಈ ಊರು ಹುಟ್ಟಿದ್ದೇ ಹಾಲಿನಿಂದ. ಅದನ್ನು ಹೇಳುತ್ತ ಈ ಊರನ್ನೂ ಕಂಪನಿಯನ್ನೂ ಕಟ್ಟಿದ ಮಿಲ್ಟನ್ ಹರ್ಷಿಯ ಕತೆಗೆ ಬಂದೆವು. ಅಪ್ಪನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹರ್ಷಿ ಹುಟ್ಟಿದ್ದು 1857ರ ಸೆಪ್ಟೆಂಬರ್ 13ರಂದು, ಡೆರ್ರಿ ಚರ್ಚ್ ಎಂಬ ಹಳ್ಳಿಯಲ್ಲಿ. ಮನೆಯವರು ಮೆನೊನೈಟ್ ಪಂಥದ ಜನ. ಜರ್ಮನ್ ಮೂಲದವರು, ಆಡಂಬರ ಇಲ್ಲದವರು, ದುಡ್ಡು ಎಣಿಸಿ ಖರ್ಚು ಮಾಡುವವರು. ತಾಯಿ ಫ್ಯಾನಿ ಆ ಪಂಥಕ್ಕೆ ಸರಿಯಾದ ಹೆಂಗಸು. ತಂದೆ ಹೆನ್ರಿ ಪೂರ್ತಿ ಉಲ್ಟಾ. ಪುಸ್ತಕ ಓದುವ, ದೊಡ್ಡ ದೊಡ್ಡ ಯೋಚನೆ ಮಾಡುವ, ಊರಿಂದ ಊರಿಗೆ ಹೋಗಿ ಹೊಸ ವ್ಯಾಪಾರ ಶುರು ಮಾಡಿ ಸೋಲುವ ಮನುಷ್ಯ. ಮಗ ಶಾಲೆಯಿಂದ ಶಾಲೆಗೆ ಅಲೆದ. ನಾಲ್ಕನೇ ಕ್ಲಾಸಿನ ಮಟ್ಟದಲ್ಲಿ ಓದು ನಿಂತಿತು. ತಂಗಿ ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅಪ್ಪ ಅಮ್ಮ ಕ್ರಮೇಣ ಬೇರೆ ಬೇರೆಯೇ ಬದುಕಿದರು.

ಮೊದಲು ಹುಡುಗನನ್ನು ಕೆಲಸಕ್ಕೆ ಸೇರಿಸಿದ್ದು ಜರ್ಮನ್ ಪತ್ರಿಕೆಯೊಂದರ ಮುದ್ರಣಾಲಯಕ್ಕೆ. ಅದು ಆತನಿಗೆ ಹಿಡಿಸಲಿಲ್ಲ. ಟೊಪ್ಪಿಯನ್ನು ಬೇಕೆಂದೇ ಯಂತ್ರದೊಳಗೆ ಬೀಳಿಸಿ ಕೆಲಸ ಕಳೆದುಕೊಂಡ ಎಂಬ ಕತೆ ಇದೆ. ನಂತರ ತಾಯಿ ಲ್ಯಾಂಕಾಸ್ಟರ್ ಪೇಟೆಯ ಜೋಸೆಫ್ ರಾಯರ್ ಎಂಬ ಮಿಠಾಯಿ ಅಂಗಡಿಯವನ ಬಳಿ ಬಿಟ್ಟಳು. ಅಲ್ಲಿ ನಾಲ್ಕು ವರ್ಷ. ಸಕ್ಕರೆ ಪಾಕದ ಹದ ಕೈಗೆ ಬಂದದ್ದು ಅಲ್ಲೇ.

1876ರಲ್ಲಿ, ಇನ್ನೂ 19 ತುಂಬುವ ಮೊದಲೇ, ಫಿಲಡೆಲ್ಫಿಯಾದಲ್ಲಿ ಸ್ವಂತ ಅಂಗಡಿ. ಅಮೆರಿಕಕ್ಕೆ ನೂರು ವರ್ಷ ತುಂಬಿದ ಸಂಭ್ರಮದ ಜಾತ್ರೆ ಅಲ್ಲಿ ನಡೆಯುತ್ತಿತ್ತು, ಗಿರಾಕಿಗಳಿಗೆ ಬರ ಇರಲಿಲ್ಲ. ಬಂಡವಾಳ ಚಿಕ್ಕಮ್ಮನದು. ತಾಯಿಯೂ ಚಿಕ್ಕಮ್ಮನೂ ಬಂದು ಕೂತು ಮಿಠಾಯಿಗೆ ಕಾಗದ ಸುತ್ತಿದರು. ಆರು ವರ್ಷ ಎಳೆದಾಡಿ ಅಂಗಡಿ ಮುಚ್ಚಿತು. ಅಪ್ಪನನ್ನು ಹುಡುಕಿಕೊಂಡು ಡೆನ್ವರ್‌ಗೆ ಹೋದ. ಅಲ್ಲಿ ಒಬ್ಬ ಮಿಠಾಯಿಗಾರನ ಕೈಕೆಳಗೆ ಒಂದು ವಿಷಯ ಕಲಿತ: ಕ್ಯಾರಮೆಲ್‌ಗೆ ತಾಜಾ ಹಾಲು ಹಾಕಿದರೆ ಅದು ಮೆತ್ತಗಿರುತ್ತದೆ, ಜಾಸ್ತಿ ದಿನ ಇರುತ್ತದೆ. ಆಮೇಲೆ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಅಂಗಡಿ. ಅದೂ ಮುಳುಗಿತು.

30ರ ಹತ್ತಿರ ಬಂದ ಗಂಡಸು, ಬರಿಗೈಯಲ್ಲಿ ಲ್ಯಾಂಕಾಸ್ಟರ್‌ಗೆ ವಾಪಸ್. ಅಮ್ಮನ ಕಡೆಯ ನೆಂಟರು ಈ ಸಲ ಬಾಗಿಲು ಹಾಕಿಕೊಂಡರು. ಅಪ್ಪನ ಹಾಗೇ ಇವನೂ ಅಂದಿರಬೇಕು. ಕೈ ಹಿಡಿದವನು ಹ್ಯಾರಿ ಲೆಬ್‌ಕಿಚರ್, ಹಿಂದೆ ಫಿಲಡೆಲ್ಫಿಯಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಆತ ಮಲಗಲು ಜಾಗ ಕೊಟ್ಟ, ಯಂತ್ರ ತರಿಸಲು ದುಡ್ಡು ಕೊಟ್ಟ. ಹಾಲಿನ ಕ್ಯಾರಮೆಲ್ ಮತ್ತೆ ಶುರುವಾಯಿತು. ಇಂಗ್ಲೆಂಡಿನ ಆಮದುದಾರನೊಬ್ಬ ರುಚಿ ನೋಡಿ ದೊಡ್ಡ ಆರ್ಡರ್ ಕೊಟ್ಟ. ಅದನ್ನು ಪೂರೈಸಲು ಸಾಲ ಬೇಕು, ಅಡವಿಡಲು ಏನೂ ಇಲ್ಲ. ಲ್ಯಾಂಕಾಸ್ಟರ್‌ನ ಬ್ಯಾಂಕಿನಲ್ಲಿದ್ದ ಫ್ರಾಂಕ್ ಬ್ರೆನೆಮನ್ ಎಂಬ ಕ್ಯಾಶಿಯರ್ ಸಾಲದ ಪತ್ರಕ್ಕೆ ತಾನೇ ಸಹಿ ಹಾಕಿದ. ಇಂಗ್ಲೆಂಡಿನಿಂದ ಹಣ ಬಂದಾಗ ಹರ್ಷಿ ಕೆಲಸದ ಏಪ್ರನ್ ಬಿಚ್ಚುವುದನ್ನೂ ಮರೆತು ಬ್ಯಾಂಕಿಗೆ ಓಡಿದ ಅಂತ ಇಲ್ಲಿಯವರು ಹೇಳುತ್ತಾರೆ.

ಈ ಲೆಬ್‌ಕಿಚರ್ ಮತ್ತು ಬ್ರೆನೆಮನ್ ನನಗೆ ಬಹಳ ಇಷ್ಟದ ಪಾತ್ರಗಳು. ಸ್ವಂತ ದುಡಿಮೆಯಿಂದ ಮೇಲೆ ಬಂದವರ ಕತೆಯನ್ನು ಹೇಳುವಾಗ ಇಂಥವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನೆಂಟರು ಕೊಡದ ದುಡ್ಡನ್ನು ಕೊಟ್ಟವನು ಹಳೆಯ ನೌಕರ. ಹರ್ಷಿ ಅದನ್ನು ಮರೆಯಲಿಲ್ಲ, ಲೆಬ್‌ಕಿಚರ್‌ನನ್ನು ಕೊನೆತನಕ ಜೊತೆಗಿಟ್ಟುಕೊಂಡ.

ಮುಂದಿನದು ಬೇಗ ಬೇಗ ನಡೆಯಿತು. ಲ್ಯಾಂಕಾಸ್ಟರ್ ಕ್ಯಾರಮೆಲ್ ಕಂಪನಿ ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಡುವಷ್ಟು ಬೆಳೆಯಿತು. 1893ರಲ್ಲಿ ಶಿಕಾಗೊದಲ್ಲಿ ವಿಶ್ವ ಮೇಳ. ಹೌದು, ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ. ಅಲ್ಲಿ ಜರ್ಮನಿಯ ಡ್ರೆಸ್ಡನ್‌ನ ಲೆಹ್‌ಮನ್ ಕಂಪನಿ ಚಾಕೊಲೇಟ್ ಯಂತ್ರಗಳನ್ನು ಓಡಿಸಿ ತೋರಿಸುತ್ತಿತ್ತು. ಹರ್ಷಿ ಆ ಯಂತ್ರಗಳನ್ನೇ ಕೊಂಡುಕೊಂಡ. 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನು 10 ಲಕ್ಷ ಡಾಲರ್‌ಗೆ ಮಾರಿದ, ಚಾಕೊಲೇಟ್ ಭಾಗವನ್ನು ಮಾತ್ರ ಉಳಿಸಿಕೊಂಡ. ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರವನ್ನು ಮಾರಿದ್ದು ಆ ಕಾಲದವರಿಗೆ ಹುಚ್ಚು ಅನಿಸಿರಬಹುದು.

ಆಗ ಹಾಲಿನ ಚಾಕೊಲೇಟ್ ಅಂದರೆ ಸ್ವಿಟ್ಜರ್‌ಲ್ಯಾಂಡಿನದು, ಶ್ರೀಮಂತರದ್ದು. ಹರ್ಷಿಗೆ ಅದನ್ನು 5 ಸೆಂಟ್‌ಗೆ ಮಾರಬೇಕಿತ್ತು. ತಾಪತ್ರಯ ಏನೆಂದರೆ ಕೊಕ್ಕೋದಲ್ಲಿ ಕೊಬ್ಬು, ಹಾಲಿನಲ್ಲಿ ನೀರು. ಎರಡೂ ಸೇರುವುದಿಲ್ಲ. ಸ್ವಿಸ್ ಜನರ ವಿಧಾನ ಗುಟ್ಟು. ಹರ್ಷಿ ಹುಟ್ಟಿದ ಮನೆಯ ಹತ್ತಿರವೇ ಹಾಲಿನ ಪ್ರಯೋಗ ವರ್ಷಗಟ್ಟಲೆ ನಡೆಯಿತು. ಎಷ್ಟೋ ಹಾಲು ಸೀದುಹೋಯಿತು. ಕೊನೆಗೆ ಜಾನ್ ಶ್ಮಾಲ್‌ಬಾಕ್ ಎಂಬ ಕೆಲಸಗಾರ, ಕೆನೆ ತೆಗೆದ ಹಾಲಿಗೆ ತುಂಬ ಸಕ್ಕರೆ ಸೇರಿಸಿ, ಗಾಳಿ ತೆಗೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬತ್ತಿಸಿದ. ಅದು ನುಣ್ಣಗೆ ಬಂತು. ಆದರೆ ಈ ದಾರಿಯಲ್ಲಿ ಹಾಲಿನ ಕೊಬ್ಬು ಸ್ವಲ್ಪ ಒಡೆಯುತ್ತದೆ, ಬ್ಯುಟಿರಿಕ್ ಆಮ್ಲ ಹುಟ್ಟುತ್ತದೆ ಎಂದು ಆಹಾರ ವಿಜ್ಞಾನಿಗಳು ಹೇಳುತ್ತಾರೆ. ಹಳೆಯ ಬೆಣ್ಣೆಗೆ ಬರುವ ವಾಸನೆಯೂ ಅದೇ. ಅಪ್ಪನ ಮೂಗು ಹಿಡಿದದ್ದು ಅದನ್ನೇ. ಯುರೋಪಿನವರು ಈಗಲೂ ಹರ್ಷಿ ಬಾರ್ ಕಂಡರೆ ಮೂಗು ಮುರಿಯುತ್ತಾರೆ. ಅಮೆರಿಕದವರಿಗೆ ಚಾಕೊಲೇಟ್ ಅಂದರೆ ಹೀಗೇ ಇರಬೇಕು. ಬಾಲ್ಯದಲ್ಲಿ ತಿಂದದ್ದೇ ರುಚಿ ಅಲ್ವಾ?

ಕಾರ್ಖಾನೆ ಎಲ್ಲಿ ಕಟ್ಟುವುದು? ಹರ್ಷಿ ಆರಿಸಿದ್ದು ತಾನು ಹುಟ್ಟಿದ ಡೆರ್ರಿ ಚರ್ಚ್ ಹಳ್ಳಿಯನ್ನೇ. ಅಲ್ಲಿ ಸುತ್ತ ಹೈನುಗಾರಿಕೆ ಮಾಡುವ ರೈತರು, ನೀರು, ಕೆಲಸಕ್ಕೆ ಜನ, ರೈಲು ದಾರಿ, ಎಲ್ಲ ಇದ್ದವು. ಕೊಕ್ಕೋ ಬೀಜ ಒಣಗಿದ ಮೇಲೆ ಹಡಗು ಹತ್ತಿ ತಿಂಗಳಾದರೂ ಕೆಡುವುದಿಲ್ಲ. ಹಾಲು ಕೆಡುತ್ತದೆ. ಹಾಗಾಗಿ ಕಾರ್ಖಾನೆ ಹಾಲಿನ ಹತ್ತಿರ ಬಂತು. 1903ರಲ್ಲಿ ಕೆಲಸ ಶುರು, 1905ರಲ್ಲಿ ಮುಗಿಯಿತು.

ಕಾರ್ಖಾನೆಯ ಜೊತೆಗೆ ಊರನ್ನೂ ಕಟ್ಟಿದ. ಕಂಪನಿ ಊರುಗಳು ಆಗ ಅಮೆರಿಕದಲ್ಲಿ ಬೇಕಾದಷ್ಟಿದ್ದವು. ಒಂದೇ ಅಚ್ಚಿನ ಸಾಲು ಮನೆಗಳು, ಕಂಪನಿಯದೇ ಅಂಗಡಿ, ಸಂಬಳ ಅಲ್ಲೇ ಖಾಲಿ. ಹರ್ಷಿ ಮನೆಗಳನ್ನು ಬೇರೆ ಬೇರೆ ನಮೂನೆಯಲ್ಲಿ ಕಟ್ಟಿಸಿದ, ಕೆಲಸಗಾರರು ಕೊಳ್ಳಲು ಅವಕಾಶ ಕೊಟ್ಟ. ಟ್ರಾಮ್ ಗಾಡಿ, ಬ್ಯಾಂಕು, ಶಾಲೆ, ಪಾರ್ಕು. ಬೀದಿಗಳಿಗೆ ಚಾಕೊಲೇಟ್ ಅವೆನ್ಯೂ, ಕೊಕೊ ಅವೆನ್ಯೂ ಎಂದು ಹೆಸರು. ಉಳಿದವಕ್ಕೆ ಕೊಕ್ಕೋ ಬೆಳೆಯುವ ನಾಡುಗಳ ಹೆಸರು: ಜಾವಾ, ಸಿಲೋನ್, ಟ್ರಿನಿಡಾಡ್. ಕಿಸಸ್ ಬಂದದ್ದು 1907ರಲ್ಲಿ. 1921ರಲ್ಲಿ ಯಂತ್ರ ಬರುವ ತನಕ ಒಂದೊಂದನ್ನೂ ಕೈಯಲ್ಲೇ ಸುತ್ತುತ್ತಿದ್ದರು. ಹಾಗೆ ಸುತ್ತಿದವರಲ್ಲಿ ಹರ್ಷಿಯ ಮುದಿ ತಾಯಿಯೂ ಇದ್ದಳು ಅನ್ನುತ್ತಾರೆ. ಮಗ ಕೋಟ್ಯಧಿಪತಿ, ಅಮ್ಮನಿಗೆ ಸುಮ್ನೆ ಕೂರಲು ಆಗದು.

ಇದಿಷ್ಟು ಕೇಳಿ ಅಪ್ಪ, "ಮಕ್ಕಳು ಎಷ್ಟು?" ಅಂದರು.

ಮಕ್ಕಳಿರಲಿಲ್ಲ. ಹರ್ಷಿ 40ರ ಮೇಲೆ, 1898ರಲ್ಲಿ, ಕ್ಯಾಥರೀನ್ ಸ್ವೀನಿ ಎಂಬ ಐರಿಷ್ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾದ. ಎಲ್ಲರೂ ಕಿಟ್ಟಿ ಅನ್ನುತ್ತಿದ್ದರು. ಮೆನೊನೈಟ್ ಅತ್ತೆಗೆ ಈ ಸೊಸೆ ಹೇಗೆ ಕಂಡಿರಬೇಕು, ಊಹಿಸಿಕೊಳ್ಳಿ. ಕಿಟ್ಟಿಗೆ ನರಗಳ ಕಾಯಿಲೆ ಶುರುವಾಯಿತು, ನಡೆಯುವುದು ಕಷ್ಟವಾಯಿತು. ಯುರೋಪಿನ ವೈದ್ಯರನ್ನೆಲ್ಲ ಕಂಡರು. ಅಂಥ ಓಡಾಟದ ನಡುವೆಯೇ 1911ರ ಕೊನೆಗೆ ಹರ್ಷಿ ವೈಟ್ ಸ್ಟಾರ್ ಲೈನ್ ಕಂಪನಿಗೆ 300 ಡಾಲರ್ ಚೆಕ್ ಬರೆದ. ಟೈಟಾನಿಕ್ ಹಡಗಿಗೆ ಮುಂಗಡ. ಆಮೇಲೆ ಕಾರ್ಯಕ್ರಮ ಬದಲಾಗಿ 'ಅಮೆರಿಕಾ' ಎಂಬ ಜರ್ಮನ್ ಹಡಗಿನಲ್ಲಿ ಮೊದಲೇ ಬಂದ. ಆ ಚೆಕ್ ಇಲ್ಲಿಯ ದಾಖಲೆಗಳಲ್ಲಿ ಇನ್ನೂ ಇದೆ. ಟೈಟಾನಿಕ್‌ಗೆ ದಾರಿಯಲ್ಲಿ ಮಂಜುಗಡ್ಡೆ ಇದೆ ಎಂದು ವೈರ್‌ಲೆಸ್ ಸಂದೇಶ ಕಳಿಸಿದ ಹಡಗುಗಳಲ್ಲಿ ಅದೇ 'ಅಮೆರಿಕಾ' ಕೂಡ ಒಂದು.

ಶಾಲೆಯ ಯೋಚನೆ ಕಿಟ್ಟಿಯದು ಎಂದು ಹರ್ಷಿ ಹೇಳುತ್ತಿದ್ದ. 1909ರ ನವೆಂಬರ್ 15ರಂದು ಗಂಡ ಹೆಂಡತಿ ಇಬ್ಬರೂ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರು. 486 ಎಕರೆ ಜಮೀನು, ಹರ್ಷಿ ಇಂಡಸ್ಟ್ರಿಯಲ್ ಸ್ಕೂಲ್. ಮರುವರ್ಷ ಮೊದಲ ನಾಲ್ಕು ಹುಡುಗರು ಬಂದರು. ಅವರು ಮೊದಲು ಉಳಿದದ್ದು ಹರ್ಷಿ ಹುಟ್ಟಿದ ಮನೆಯಲ್ಲೇ. ಊಟ, ಬಟ್ಟೆ, ಓದು, ಒಂದು ಕಸುಬು. ಬೆಳಗ್ಗೆ ಹಸುವಿನ ಹಾಲು ಕರೆಯಬೇಕು. ಓದು ಮುಗಿಸಿ ಹೋಗುವಾಗ ಬಟ್ಟೆಬರೆ ಮತ್ತು 100 ಡಾಲರ್ ಕೈಯಲ್ಲಿ. ಹಸು ಕರೆಯುವ ಕಡ್ಡಾಯ ನಿಯಮ 1989ರ ತನಕ ಇತ್ತು. ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ, ಈಗ ನಿವೃತ್ತರು. ಚಳಿಗಾಲದ ಬೆಳಗ್ಗೆ ಕೊಟ್ಟಿಗೆ ಬೆಚ್ಚಗಿರುತ್ತಿತ್ತು, ಹಾಗಾಗಿ ಅಲ್ಲಿಗೆ ಹೋಗಲು ಹುಡುಗರು ತಕರಾರು ಮಾಡುತ್ತಿರಲಿಲ್ಲ ಅಂತ ಅವರು ಹೇಳಿದಾಗ ಅಪ್ಪ ಜೋರಾಗಿ ತಲೆ ಆಡಿಸಿದರು. ನಮ್ಮ ಹಟ್ಟಿ ಅವರಿಗೆ ನೆನಪಾಗಿರಬೇಕು.

ಆ ಪತ್ರದಲ್ಲಿ ಇನ್ನೊಂದು ಸಾಲೂ ಇತ್ತು. ಶಾಲೆ ಬಿಳಿಯ, ಅನಾಥ ಗಂಡು ಮಕ್ಕಳಿಗೆ ಮಾತ್ರ. ತಂದೆ ಇಲ್ಲದಿದ್ದರೆ ಅನಾಥ ಎಂದು ಲೆಕ್ಕ. ಬಣ್ಣದ ಕಟ್ಟು ಬೀಳಲು ಸುಮಾರು 60 ವರ್ಷ ಬೇಕಾಯಿತು. ಹೆಣ್ಣು ಮಕ್ಕಳು ಒಳಗೆ ಬಂದದ್ದು 1970ರ ದಶಕದಲ್ಲಿ. ಆ ಕಾಲವೇ ಹಾಗಿತ್ತು ಎಂದು ಹೇಳಿ ಮುಗಿಸಬಹುದು. ಆದರೆ ಕಾಲ ಬದಲಾದ ಮೇಲೂ ಪತ್ರ ಬದಲಾಗಲಿಲ್ಲ. ಈ ಬರಹ ಶುರು ಮಾಡಿದ್ದೇ ಅದನ್ನು ಹೇಳಲು: ಹರ್ಷಿ ಕೊಟ್ಟದ್ದನ್ನು ಎಷ್ಟು ಬಿಗಿಯಾಗಿ ಕಟ್ಟಿದನೆಂದರೆ, ಕಳ್ಳರೂ ಬಿಚ್ಚಲಾರರು, ಒಳ್ಳೆಯವರೂ ಬಿಚ್ಚಲಾರರು.

ಕಿಟ್ಟಿ 1915ರಲ್ಲಿ ತೀರಿಕೊಂಡಳು. ಹರ್ಷಿ ಮತ್ತೆ ಮದುವೆಯಾಗಲಿಲ್ಲ. 1918ರ ನವೆಂಬರ್‌ನಲ್ಲಿ, ಮಹಾಯುದ್ಧ ನಿಂತ ವಾರದಲ್ಲೇ, ಚಾಕೊಲೇಟ್ ಕಂಪನಿಯ ತನ್ನ ಷೇರುಗಳನ್ನು ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟ. ಆಗಿನ ಬೆಲೆ ಸುಮಾರು 6 ಕೋಟಿ ಡಾಲರ್. ಪತ್ರಿಕೆಯವರನ್ನು ಕರೆಯಲಿಲ್ಲ, ಕಲ್ಲು ನೆಡಿಸಲಿಲ್ಲ. ಹೊರಗಿನ ಜನಕ್ಕೆ ಗೊತ್ತಾದದ್ದು ಐದು ವರ್ಷದ ಮೇಲೆ, 1923ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದಾಗ.

ಗಮನಿಸಿ, ಆತ ಕೊಟ್ಟದ್ದು ಲಾಭದ ಪಾಲನ್ನಲ್ಲ. ಕಂಪನಿಯನ್ನೇ. ದಾನಿಗಳು ಸಾಮಾನ್ಯವಾಗಿ ಫಲ ಹಂಚುತ್ತಾರೆ, ತೋಟ ತಮ್ಮ ಹೆಸರಲ್ಲೇ ಇರುತ್ತದೆ. ಇಲ್ಲಿ ತೋಟವೇ ಮಕ್ಕಳ ಹೆಸರಿಗೆ ಹೋಯಿತು, ಹರ್ಷಿ ಅದರ ಉಸ್ತುವಾರಿ ನೋಡಿಕೊಂಡು ಉಳಿದ. ನಂತರದ 27 ವರ್ಷ ಆತ ದುಡಿದದ್ದು ಬಹುಪಾಲು ಆ ಮಕ್ಕಳಿಗಾಗಿ.

ಹಾಗೆಂದು ದೇವರಂಥ ಮನುಷ್ಯ ಎಂದು ಪೂಜೆ ಮಾಡಬೇಕಾಗಿಲ್ಲ. ಜೂಜಿನ ಚಟ ಇತ್ತು. ಸಿಟ್ಟು ಇತ್ತು, ಕೆಲಸಗಾರರನ್ನು ನಿಂತಲ್ಲೇ ತೆಗೆಯುತ್ತಿದ್ದ. ಕ್ಯೂಬಾದಲ್ಲಿ 1916ರಿಂದ ಕಬ್ಬಿನ ತೋಟ, ಸಕ್ಕರೆ ಕಾರ್ಖಾನೆ, ಅಲ್ಲೂ ಒಂದು ಹರ್ಷಿ ಊರು, ಹವಾನಾದಿಂದ ಮತಾಂಜಾಸ್‌ಗೆ ವಿದ್ಯುತ್ ರೈಲು. 1920ರಲ್ಲಿ ಸಕ್ಕರೆ ಬೆಲೆ ಏರುತ್ತಲೇ ಇರುತ್ತದೆ ಎಂದು ವಾಯಿದೆ ವ್ಯಾಪಾರದಲ್ಲಿ ಕೈಹಾಕಿ ಲಕ್ಷಗಟ್ಟಲೆ ಡಾಲರ್ ಕಳೆದುಕೊಂಡ. ಸಾಲ ಕೊಟ್ಟ ಬ್ಯಾಂಕು ಎರಡು ವರ್ಷ ತನ್ನವನನ್ನು ತಂದು ಲೆಕ್ಕ ನೋಡಲು ಕೂರಿಸಿತು. ಅಂದರೆ ಅನಾಥ ಮಕ್ಕಳ ಹೆಸರಿಗೆ ಬರೆದಾಗಿದ್ದ ಕಂಪನಿಯನ್ನು ಸಕ್ಕರೆ ಜೂಜಿನಲ್ಲಿ ಅಪಾಯಕ್ಕೆ ಒಡ್ಡಿದ್ದ. ಈ ಅಧ್ಯಾಯವನ್ನು ಊರಿನ ಗೈಡ್‌ಗಳು ಬೇಗ ದಾಟಿಸುತ್ತಾರೆ.

1930ರ ದಶಕದ ಆರ್ಥಿಕ ಕುಸಿತದ ಕಾಲದ್ದನ್ನು ಮಾತ್ರ ವಿವರವಾಗಿ ಹೇಳುತ್ತಾರೆ. ಹೇಳಬೇಕಾದದ್ದೇ. ದೇಶವೆಲ್ಲ ಕೆಲಸ ಇಲ್ಲದೆ ಕೂತಿದ್ದಾಗ ಹರ್ಷಿ ಊರು ತುಂಬ ಕಟ್ಟಡ ಎಬ್ಬಿಸಿದ. 1933ರಲ್ಲಿ ಗುಡ್ಡದ ಮೇಲೆ ದೊಡ್ಡ ಹೋಟೆಲ್, ಅದೇ ವರ್ಷ ನಾಟಕ ಮಂದಿರ ಇರುವ ಸಮುದಾಯ ಭವನ, 1936ರಲ್ಲಿ ಕ್ರೀಡಾಂಗಣ. ಸಾಮಾನು ಅಗ್ಗ, ಜನರಿಗೆ ಕೆಲಸ ಬೇಕು, ಈಗ ಕಟ್ಟದೆ ಇನ್ಯಾವಾಗ ಎಂಬ ಲೆಕ್ಕ. 40 ಜನರ ಕೆಲಸವನ್ನು ಈ ಯಂತ್ರ ಮಾಡುತ್ತದೆ ಎಂದು ಮೇಸ್ತ್ರಿ ಹೆಮ್ಮೆಯಿಂದ ತೋರಿಸಿದಾಗ, ಯಂತ್ರ ತೆಗೆದು ಆ 40 ಜನರನ್ನು ಕರೆತಾ ಅಂದನಂತೆ. 1930ರಲ್ಲಿ ತನ್ನ ಬಂಗಲೆಯನ್ನೂ ಗಾಲ್ಫ್ ಕ್ಲಬ್ಬಿಗೆ ಕೊಟ್ಟು, ಮೇಲಿನ ಕೋಣೆಗಳಲ್ಲಿ ಮಾತ್ರ ತಾನು ಉಳಿದ.

ಇಷ್ಟೆಲ್ಲ ಮಾಡಿದವನ ಕಾರ್ಖಾನೆಯಲ್ಲೇ 1937ರ ಏಪ್ರಿಲ್‌ನಲ್ಲಿ ಮುಷ್ಕರ. ಕೆಲಸಗಾರರು ಒಳಗೇ ಕೂತುಬಿಟ್ಟರು. ನನ್ನ ಮಟ್ಟಿಗೆ ಇದು ಈ ಕತೆಯ ಅತಿ ಕಷ್ಟದ ಭಾಗ. ಕಾರ್ಖಾನೆ ನಿಂತರೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹಾಲು ಎಲ್ಲಿಗೆ ಹೋಗಬೇಕು? ಸುತ್ತಲಿನ ರೈತರು ಕೆಲವೇ ದಿನ ತಡೆದುಕೊಂಡರು. ಆಮೇಲೆ ದೊಣ್ಣೆ ಹಿಡಿದು, ಮುಷ್ಕರ ಬೇಡ ಎನ್ನುವ ಕೆಲಸಗಾರರ ಜೊತೆ ಒಳಗೆ ನುಗ್ಗಿ, ಕೂತವರನ್ನು ಹೊಡೆದು ಹೊರಗಟ್ಟಿದರು. ಹರ್ಷಿಗೆ ಆಗ 79. ಆತನಿಗೆ ಇದು ಅರ್ಥವೇ ಆಗಲಿಲ್ಲ ಅನ್ನುತ್ತಾರೆ. ಮನೆ, ಪಾರ್ಕು, ಈಜುಕೊಳ ಎಲ್ಲ ಕೊಟ್ಟೆನಲ್ಲ, ಇನ್ನೇನು ಬೇಕು? ಅವರಿಗೆ ಬೇಕಾಗಿದ್ದದ್ದು ಕೇಳುವ ಹಕ್ಕು. ಕೊಡುವವನಿಗೆ ಇದು ಕೃತಘ್ನತೆ ಎಂದೇ ಕಾಣುತ್ತದೆ. ಎರಡೇ ವರ್ಷದೊಳಗೆ ಕಾರ್ಖಾನೆಗೆ ಸಂಘ ಬಂದೇ ಬಂತು.

ಅಪ್ಪನಿಗೆ ಇಲ್ಲಿ ರೈತರ ಸಿಟ್ಟೂ ಗೊತ್ತಾಯಿತು, ಕೆಲಸಗಾರರದ್ದೂ ಗೊತ್ತಾಯಿತು. ನಮ್ಮಲ್ಲಿ 1970ರ ದಶಕದಲ್ಲಿ ಕೊಕ್ಕೋ ನೆಡಿ, ನಾವು ಕೊಳ್ಳುತ್ತೇವೆ ಎಂದು ಕಂಪನಿಯವರು ಬಂದಿದ್ದರು. 80ರ ದಶಕದ ಆರಂಭದಲ್ಲಿ ಬೆಲೆ ಬಿದ್ದಾಗ ಖರೀದಿ ನಿಂತಿತು. ಅಜ್ಜ ಸಿಟ್ಟಿನಲ್ಲಿ ಒಂದು ಸಾಲು ಗಿಡ ಕಡಿಸಿದ್ದರಂತೆ. ಆಗ ಮುಂದೆ ಬಂದದ್ದು ಕ್ಯಾಂಪ್ಕೊ, 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಸಹಕಾರಿ ಸಂಸ್ಥೆ. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಅವರ ಕಾಲದಲ್ಲಿ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರು ಮಾಡಿತು. ಬೆಳೆದವರೇ ಷೇರುದಾರರು. ಅಪ್ಪನ ಹತ್ತಿರವೂ ಆ ಷೇರು ಇದೆ. ಸಭೆಯಲ್ಲಿ ಎದ್ದು ನಿಂತು ಬೆಲೆ ಸಾಲದು ಎಂದು ಜಗಳ ಮಾಡಿ ಬರುತ್ತಾರೆ. ಹರ್ಷಿಯ ಊರಿನಲ್ಲಿ ಪಾರ್ಕಿನ ಹೂವು ನೋಡಲು ಎಲ್ಲರಿಗೂ ಅವಕಾಶ ಇತ್ತು. ಹೀಗೆ ಜಗಳ ಮಾಡುವ ಅವಕಾಶ ಇರಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಒಂದು ಸಂಗತಿ ಹೇಳಲೇಬೇಕು, ಸುಮ್ನೆ ತಮಾಷೆಗೆ. 1937ರಲ್ಲಿ ಅಮೆರಿಕದ ಸೈನ್ಯದಿಂದ ಪಾಲ್ ಲೋಗನ್ ಎಂಬ ಅಧಿಕಾರಿ ಹರ್ಷಿ ಕಂಪನಿಗೆ ಬಂದ. ಸೈನಿಕರಿಗೆ ತುರ್ತು ಆಹಾರವಾಗಿ ಒಂದು ಬಾರ್ ಬೇಕು. ತೂಕ 4 ಔನ್ಸ್, ಶಕ್ತಿ ಜಾಸ್ತಿ, ಬಿಸಿಲಿಗೆ ಕರಗಬಾರದು. ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪ ಮೇಲಿದ್ದರೆ ಸಾಕು, ಇಲ್ಲವಾದರೆ ತುರ್ತು ಬರುವ ಮೊದಲೇ ತಿಂದು ಮುಗಿಸುತ್ತಾರೆ. ಕಂಪನಿಯ ರಸಾಯನ ತಜ್ಞ ಸ್ಯಾಮ್ ಹಿಂಕಲ್ ಹಾಗೇ ಮಾಡಿಕೊಟ್ಟ. ಯುದ್ಧ ಮುಗಿಯುವುದರೊಳಗೆ ಇಂಥ ಬಾರ್‌ಗಳು ಕೋಟಿಗಟ್ಟಲೆ ಹೋದವು. ಸೈನಿಕರು ಬಾಯ್ತುಂಬ ಬೈದರು. ಹಲ್ಲಿಗೆ ಕೂರದಷ್ಟು ಗಟ್ಟಿ, ಮೇಲಿಂದ ಕಹಿ. ಹರ್ಷಿಯೂ ಅಷ್ಟರಲ್ಲಿ ಈರುಳ್ಳಿ, ಬೀಟ್‌ರೂಟ್, ಸೆಲರಿ ಹಾಕಿ ಐಸ್‌ಕ್ರೀಮಿನಂಥದ್ದನ್ನು ಮಾಡುವ ಪ್ರಯೋಗಗಳಲ್ಲಿ ಮುಳುಗಿದ್ದ. ಯಾರೂ ತಿನ್ನಲಿಲ್ಲ. 1945ರ ಅಕ್ಟೋಬರ್ 13ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡ.

ಆತ ಹೋದ ಮೇಲೆ ಹಣ ಬೆಳೆಯುತ್ತಲೇ ಹೋಯಿತು. ಶಾಲೆಗೆ ಬೇಕಾದದ್ದಕ್ಕಿಂತ ಜಾಸ್ತಿ ಆಯಿತು. ಆದರೆ ಪತ್ರದ ಪ್ರಕಾರ ಬೇರೆ ಕಡೆ ಖರ್ಚು ಮಾಡುವ ಹಾಗಿಲ್ಲ. 1963ರಲ್ಲಿ ಅದೇ ಹಿಂಕಲ್, ಈಗ ಕಂಪನಿಯ ಮುಖ್ಯಸ್ಥ, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷ ಎರಿಕ್ ವಾಕರ್‌ಗೆ ಫೋನ್ ಮಾಡಿದ. 5 ಕೋಟಿ ಡಾಲರ್ ಇದೆ, ಹರ್ಷಿಯಲ್ಲಿ ಒಂದು ವೈದ್ಯಕೀಯ ಕಾಲೇಜು ಮಾಡಿಕೊಡುತ್ತೀರಾ? ಕೋರ್ಟಿನ ಒಪ್ಪಿಗೆ ಪಡೆದು ಆ ಗಂಟನ್ನು ಸ್ವಲ್ಪ ಸಡಿಲ ಮಾಡಿದರು. ಹೀಗೆ ಹುಟ್ಟಿದ್ದು ಹರ್ಷಿ ಮೆಡಿಕಲ್ ಸೆಂಟರ್. ನನ್ನ ಚಿಕ್ಕ ಮಗ ಹುಟ್ಟಿದ್ದು ಅಲ್ಲೇ. ಐದು ಸೆಂಟಿನ ಬಾರ್‌ನಿಂದ ಬಂದ ದುಡ್ಡಿನ ಆಸ್ಪತ್ರೆ ಎಂದು ನರ್ಸ್ ಹೇಳಿದಾಗ ನಾನು ತಮಾಷೆ ಅಂದುಕೊಂಡಿದ್ದೆ.

ಗಂಟಿನ ಬಿಗಿ ಎಷ್ಟೆಂದು ಊರಿಗೆ ಸರಿಯಾಗಿ ಗೊತ್ತಾದದ್ದು 2002ರಲ್ಲಿ. ಟ್ರಸ್ಟಿನವರು ಕಂಪನಿಯನ್ನು ಮಾರಲು ಹೊರಟರು. ಇಷ್ಟೊಂದು ದುಡ್ಡು ಒಂದೇ ಕಂಪನಿಯ ಷೇರಿನಲ್ಲಿರುವುದು ಅಪಾಯ, ಶಾಲೆಯ ಹಿತ ನೋಡಿದರೆ ಮಾರುವುದೇ ಸರಿ ಎಂಬ ವಾದ. ಚ್ಯೂಯಿಂಗ್ ಗಮ್ ಮಾಡುವ ರಿಗ್ಲಿ ಕಂಪನಿ 1,250 ಕೋಟಿ ಡಾಲರ್ ಕೊಡಲು ಬಂತು. ಊರು ಬೀದಿಗೆ ಇಳಿಯಿತು. ಕೆಲಸಗಾರರು, ಅಂಗಡಿಯವರು, ಆ ಶಾಲೆಯಲ್ಲೇ ಓದಿದವರು. ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದರು, ತಡೆಯಾಜ್ಞೆ ಸಿಕ್ಕಿತು, ಸೆಪ್ಟೆಂಬರ್‌ನಲ್ಲಿ ಟ್ರಸ್ಟ್ ಹಿಂದೆ ಸರಿಯಿತು. 2016ರಲ್ಲಿ ಈಗ ಕ್ಯಾಡ್ಬರಿಯ ಒಡೆಯರಾದ ಮೊಂಡೆಲೀಸ್ 2,300 ಕೋಟಿ ಡಾಲರ್‌ಗೆ ಕೇಳಿದಾಗಲೂ ಇಲ್ಲ ಎಂದೇ ಉತ್ತರ. ಮಾರಾಟ ತಪ್ಪಿದ್ದು ನನಗೆ ಸಮಾಧಾನವೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟ್ರಸ್ಟ್ ಇರುವುದು ಮಕ್ಕಳಿಗೋ, ಊರಿಗೋ? ಹರ್ಷಿಯ ಮನಸ್ಸಿನಲ್ಲಿ ಎರಡೂ ಒಂದೇ ಆಗಿತ್ತು. ಕಾಗದದಲ್ಲಿ ಬರೆದದ್ದು ಮಕ್ಕಳನ್ನು ಮಾತ್ರ.

ಇನ್ನೂ ಕೆಲವು ಮಕ್ಕಳು ಈ ಕಾಗದದಲ್ಲಿ ಎಲ್ಲೂ ಇಲ್ಲ. ಪ್ರಪಂಚದ ಕೊಕ್ಕೋದ ದೊಡ್ಡ ಪಾಲು ಪಶ್ಚಿಮ ಆಫ್ರಿಕಾದ್ದು, ಐವರಿ ಕೋಸ್ಟ್ ಮತ್ತು ಘಾನಾದ ಸಣ್ಣ ಹಿಡುವಳಿದಾರರದ್ದು. ಅಲ್ಲಿ ತೋಟಗಳಲ್ಲಿ ಮಕ್ಕಳು ಕತ್ತಿ ಹಿಡಿದು ಕಾಯಿ ಒಡೆಯುತ್ತಾರೆ. 2001ರಲ್ಲಿ ದೊಡ್ಡ ಚಾಕೊಲೇಟ್ ಕಂಪನಿಗಳು, ಹರ್ಷಿ ಕೂಡ, ಅತಿ ಕೆಟ್ಟ ಬಗೆಯ ಬಾಲ ಕಾರ್ಮಿಕ ಪದ್ಧತಿಯನ್ನು ನಿಲ್ಲಿಸುತ್ತೇವೆ ಎಂದು ಒಪ್ಪಂದಕ್ಕೆ ಸಹಿ ಹಾಕಿದವು. 2005ರ ಗಡುವು ದಾಟಿತು, ಮತ್ತೆ ಮುಂದೆ ಹೋಯಿತು, ಸಮಸ್ಯೆ ಇನ್ನೂ ಇದೆ. ಅಪ್ಪ ಹಸಿ ಬೀಜದ ರೇಟು, ಕೊಯ್ಲಿನ ಕೂಲಿ ಎಲ್ಲ ಲೆಕ್ಕ ಹಾಕಿ, ಇಷ್ಟು ಕಡಿಮೆಗೆ ಮಾರಿದರೆ ಕೂಲಿ ಕೊಡಲು ದುಡ್ಡು ಎಲ್ಲಿಂದ ಅಂದರು. ಇಲ್ಲಿಯ ಅನಾಥರ ಶಾಲೆ ಮತ್ತು ಅಲ್ಲಿಯ ಮಗುವಿನ ಕತ್ತಿ ಒಂದೇ ವ್ಯಾಪಾರದ ಎರಡು ತುದಿಗಳಲ್ಲಿವೆ. ಮ್ಯೂಸಿಯಮ್ಮಿನಲ್ಲಿ ಒಂದು ತುದಿಯನ್ನು ಚೆನ್ನಾಗಿ ತೋರಿಸುತ್ತಾರೆ.

ಟ್ರಸ್ಟಿನ ಆಸ್ತಿ ಈಗ 1,000 ಕೋಟಿ ಡಾಲರ್‌ಗೂ ಮೇಲೆ. ಶಾಲೆಯಲ್ಲಿ ಸುಮಾರು 2,000 ಮಕ್ಕಳು, ಎಲ್ಲ ಬಣ್ಣದವರು, ಹುಡುಗರು ಹುಡುಗಿಯರು. ಮನೆಗಳ ಹಾಗಿರುವ ಹಾಸ್ಟೆಲ್‌ಗಳಲ್ಲಿ ಗಂಡ ಹೆಂಡತಿ ಜೋಡಿ ಅವರನ್ನು ನೋಡಿಕೊಳ್ಳುತ್ತಾರೆ. ಡಾಕ್ಟರು, ಕನ್ನಡಕ, ಚಳಿ ಕೋಟು, ಮುಂದಿನ ಕಾಲೇಜಿಗೆ ನೆರವು, ಎಲ್ಲ ಪುಕ್ಕಟೆ. ಇಷ್ಟು ದುಡ್ಡಿಗೆ ಇಷ್ಟೇ ಮಕ್ಕಳೇ ಎಂದು ಇಲ್ಲಿಯ ಪತ್ರಿಕೆಗಳೂ ಹಳೆಯ ವಿದ್ಯಾರ್ಥಿಗಳೂ ಬಹಳ ಕಾಲದಿಂದ ಕೇಳುತ್ತಿದ್ದಾರೆ. ನನ್ನದೂ ಅದೇ ಪ್ರಶ್ನೆ. ಟ್ರಸ್ಟಿಗಳ ಸಂಭಾವನೆ, ಅವರು ಮಾಡಿದ ಜಮೀನು ಖರೀದಿ ಬಗ್ಗೆ ಸರ್ಕಾರ ಎರಡು ಸಲ ಒಪ್ಪಂದ ಮಾಡಿಸಿ ಕಟ್ಟುಪಾಡು ಹಾಕಬೇಕಾಯಿತು.

2020ರಲ್ಲಿ ಕೊನೆಗೂ ಒಂದು ಹೊಸ ದಾರಿ ತೆರೆಯಿತು. 35 ಕೋಟಿ ಡಾಲರ್ ಹಾಕಿ, ಹುಟ್ಟಿದ ಕೆಲವೇ ವಾರದ ಕೂಸುಗಳಿಂದ ಹಿಡಿದು 5 ವರ್ಷದ ತನಕದ ಬಡ ಮಕ್ಕಳಿಗೆ ಉಚಿತ ಶಿಶುಕೇಂದ್ರಗಳನ್ನು ತೆರೆಯುವುದಾಗಿ ಪ್ರಕಟಿಸಿದರು. ಹಾಸ್ಟೆಲ್ ಅಲ್ಲ, ಸಂಜೆ ಮನೆಗೆ ಹೋಗುವ ಮಕ್ಕಳು. ಹೆಸರು ಕ್ಯಾಥರೀನ್ ಹರ್ಷಿ ಸ್ಕೂಲ್ಸ್. ಮೊದಲನೆಯದು ಹರ್ಷಿ ಊರಿನಲ್ಲೇ, ನಂತರದ್ದು ನಮ್ಮ ಹ್ಯಾರಿಸ್‌ಬರ್ಗ್‌ನಲ್ಲಿ. ಇಲ್ಲಿ ಮಗುವನ್ನು ಡೇಕೇರ್‌ಗೆ ಬಿಡಲು ಒಬ್ಬರ ಸಂಬಳವೇ ಹೋಗುತ್ತದೆ, ಅಮೆರಿಕದಲ್ಲಿರುವ ಓದುಗರಿಗೆ ಹೇಳಬೇಕಾಗಿಲ್ಲ. ನೀವು ಈ ಕಡೆಯವರಾಗಿದ್ದು, ಮನೆಯಲ್ಲಿ ಸಣ್ಣ ಮಗುವಿದ್ದು, ಆದಾಯ ಕಡಿಮೆ ಇದ್ದರೆ ಅರ್ಜಿ ಹಾಕಿ ನೋಡಿ. ನಿಮ್ಮ ಮನೆಗೆಲಸಕ್ಕೆ ಬರುವವರಿಗೂ ಹೇಳಿ.